ಕೊಳ್ಳುವ ಮುನ್ನ: ಮೂರಕ್ಷರದ ಬೆಲೆ

ಹೋದ ಸಂಚಿಕೆಯಲ್ಲಿ ನಾವು ಅಡಿಗೆಮನೆಯ ಗ್ಯಾಸಿನ ಕೊಳವೆಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆವು. ಅದರಿಂದ ಗೃಹಿಣಿಯರಿಗೆ ಸಂತೋಷವಾಯಿತೆಂದು ತಿಳಿಯಿತು. ಆದರೆ ಅವರ ಯಜಮಾನರುಗಳಿಗೆ ಮಾತ್ರ ಅಸಮಾಧಾನ. "ನಿಮ್ಮ ಅಂಕಣ ಒಲೆ, ಕುಕ್ಕರು, ನೀರಿನ ಫಿಲ್ಟರುಗಳಲ್ಲೇ ಮುಗಿದುಹೋಗುತ್ತದೆ, ನಮ್ಮ ಕಡೆಗೂ ಸ್ವಲ್ಪ ತಿರುಗಿ ನೋಡಬಾರದೆ?" ಎಂದು ವಡೋದರೆಯ ಸದಸ್ಯರೊಬ್ಬರು ದೂರಿದ್ದಾರೆ. ದೂರಿನ ಜೊತೆಗೆ ಒಂದು ಪ್ರಶ್ನೆಯನ್ನೂ ಕಳಿಸಿದ್ದಾರೆ. ಹಳೆಯ ಕಾರನ್ನು ಮಾರುವವನು "ಇದರಲ್ಲಿ ಎಲ್‌ಎಸ್‌ಡಿ ಇದೆ" ಎಂದು ಹೇಳಿ ಬೆಲೆ ಏರಿಸಿದರೆ, ಅದು ನಿಜವೋ ಬರಿಯ ಬಾಯಿಮಾತೋ ತಿಳಿಯುವುದು ಹೇಗೆ?

ಈ ಮೂರಕ್ಷರವನ್ನು ಕೇಳಿ ಯಾರೂ ಗಾಬರಿಯಾಗಬೇಕಾಗಿಲ್ಲ. ಪಾನನಿಷೇಧದ ಈ ನಾಡಿನಲ್ಲಿ ಕುಳಿತು ಅಮಲಿನ ಪದಾರ್ಥವೊಂದರ ಹೆಸರನ್ನು ಗಟ್ಟಿಯಾಗಿ ಉಚ್ಚರಿಸುವುದು ಕ್ಷೇಮವಲ್ಲ, ನಿಜ. ಆದರೆ ಇದು ಆ ಪದಾರ್ಥವಲ್ಲ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಎಂಬ ಉದ್ದ ಹೆಸರನ್ನು ಮೋಟಾರಿನವರು ಹೀಗೆ ಮೊಟಕು ಮಾಡಿಕೊಂಡಿದ್ದಾರೆ, ಅಷ್ಟೆ. ಇನ್ನು, ಬಿ.ಎ. ಪಾಸು ಮಾಡಿ ಸರಕಾರಿ ಕಛೇರಿಯಲ್ಲಿ ಕಡತ ಬರೆಯುವ ನಮಗೂ ಮೋಟಾರಿನ ಹೊಟ್ಟೆಯೊಳಗಿನ ಹಲ್ಲುಗಾಲಿಗಳಿಗೂ ಏನು ಸಂಬಂಧವೆಂದು ಕೇಳುವವರೂ ಇರಬಹುದು. ನಮ್ಮ ಮನೆಯಲ್ಲಿರುವುದು ಒಂದು ಸ್ಕೂಟರು ಮಾತ್ರ. ಆದರೆ ಅರ್ಜಿಯಲ್ಲಿ ಬರೆದದ್ದಕ್ಕೆ ಆಧಾರವೇನು ಎಂದು ಕೇಳುವುದೇ ನಮ್ಮ ಹೊಟ್ಟೆಪಾಡಿನ ಕಸುಬು. ಈ ಪ್ರಶ್ನೆಗೆ ಬೇಕಾದದ್ದೂ ಅದೇ ಕಸುಬು. ಉಳಿದದ್ದನ್ನು ಪುಸ್ತಕಗಳಿಂದಲೂ ಗ್ಯಾರೇಜಿನ ಬಾಗಿಲಲ್ಲಿ ಕುಳಿತು ಚಹಾ ಕುಡಿಯುತ್ತ ನೋಡಿದ್ದರಿಂದಲೂ ಕೂಡಿಸಿಕೊಂಡಿದ್ದೇವೆ.

ಮೊದಲು ಡಿಫರೆನ್ಷಿಯಲ್ ಎಂದರೇನು ಎಂಬುದನ್ನು ನೋಡೋಣ. ಊರಿನ ಕಣದಲ್ಲಿ ಹಂತಿ ಹೊಡೆಯುವುದನ್ನು ಕಂಡ ವಾಚಕರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಒಂದು ಸುತ್ತು ಮುಗಿಯುವುದರಲ್ಲಿ ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ನಾಲ್ಕು ಹೆಜ್ಜೆ ಹಾಕಿದರೆ, ಹೊರಗಿನ ಎತ್ತು ಬಿರುಸಾಗಿ ನಡೆದು ದೊಡ್ಡ ಸುತ್ತು ಹಾಕಬೇಕು. ಕಾರು ತಿರುವಿನಲ್ಲಿ ತಿರುಗುವಾಗಲೂ ಹೀಗೆಯೇ. ಒಳಗಿನ ಗಾಲಿಯ ದಾರಿ ಗಿಡ್ಡ, ಹೊರಗಿನ ಗಾಲಿಯ ದಾರಿ ಉದ್ದ. ಎರಡನ್ನೂ ಒಂದೇ ಸರಳಿಗೆ ಬಿಗಿದುಬಿಟ್ಟರೆ ಯಾವುದಾದರೂ ಒಂದು ನೆಲವನ್ನು ಉಜ್ಜಲೇಬೇಕು, ಟೈರು ಸವೆಯಲೇಬೇಕು. ಇಂಜಿನಿನ ಬಲವನ್ನು ಎರಡೂ ಗಾಲಿಗಳಿಗೆ ಕೊಟ್ಟು, ಅವು ಬೇರೆ ಬೇರೆ ವೇಗದಲ್ಲಿ ತಿರುಗಲೂ ಅವಕಾಶ ಕೊಡುವ ಹಲ್ಲುಗಾಲಿಗಳ ಗುಂಪೇ ಡಿಫರೆನ್ಷಿಯಲ್. ಫ್ರಾನ್ಸಿನ ಪೆಕರ್ ಎಂಬ ಗಡಿಯಾರದ ಕುಶಲಕರ್ಮಿ 1827ರಷ್ಟು ಹಿಂದೆಯೇ ಉಗಿಬಂಡಿಗಾಗಿ ಇದನ್ನು ರೂಪಿಸಿದ್ದ. ಇಂದಿಗೂ ಅದರ ತತ್ತ್ವ ಬದಲಾಗಿಲ್ಲ.

ಆದರೆ ಈ ಉಪಕಾರಿಯಲ್ಲಿ ಒಂದು ದೌರ್ಬಲ್ಯವುಂಟು. ಸಾದಾ ಡಿಫರೆನ್ಷಿಯಲ್ಲಿನದು ತಕ್ಕಡಿಯ ನ್ಯಾಯ. ಎಡಗಾಲಿಗೆ ಎಷ್ಟು ಬಲವೋ ಬಲಗಾಲಿಗೂ ಅಷ್ಟೇ ಬಲ. ಒಂದು ತೂಕ ಹೆಚ್ಚಿಲ್ಲ, ಒಂದು ತೂಕ ಕಡಿಮೆಯಿಲ್ಲ. ಒಂದು ಗಾಲಿ ಕೆಸರಿನಲ್ಲಿ ಸಿಕ್ಕಿಕೊಂಡಿತು ಎನ್ನೋಣ. ಹಿಡಿತವಿಲ್ಲದ ಆ ಗಾಲಿಯನ್ನು ಗಿರಗಿರನೆ ತಿರುಗಿಸಲು ಅತ್ಯಲ್ಪ ಬಲ ಸಾಕು. ಇಂಜಿನು ಎಷ್ಟೇ ಗರ್ಜಿಸಲಿ, ಗಟ್ಟಿನೆಲದ ಮೇಲಿರುವ ಇನ್ನೊಂದು ಗಾಲಿಗೂ ಆ ಅತ್ಯಲ್ಪ ಬಲವೇ ಪಾಲಿಗೆ ಬರುತ್ತದೆ. ಫಲವಾಗಿ ಒಂದು ಗಾಲಿ ಸುಮ್ಮನೆ ನಿಂತಿರುತ್ತದೆ, ಇನ್ನೊಂದು ಕೆಸರನ್ನು ನೋಡುವವರ ಬಟ್ಟೆಗೆ ಹಾರಿಸುತ್ತಿರುತ್ತದೆ. ಸೂರತ್ತಿನ ದುಮಸ್ ಕಡಲತಡಿಗೆ ಹೋದವರು, ಮಳೆಗಾಲದಲ್ಲಿ ಹೊಸ ಬಡಾವಣೆಗಳ ಮಣ್ಣುರಸ್ತೆಯಲ್ಲಿ ಸಿಕ್ಕಿಬಿದ್ದವರು ಈ ದೃಶ್ಯವನ್ನು ಬಲ್ಲರು.

ಈ ದೌರ್ಬಲ್ಯಕ್ಕೆ ಔಷಧವೇ ಎಲ್‌ಎಸ್‌ಡಿ. ಗಾಲಿಗಳ ವೇಗದಲ್ಲಿ ವ್ಯತ್ಯಾಸಕ್ಕೆ ಅವಕಾಶ ಕೊಡುತ್ತದೆ, ಆದರೆ ಅದಕ್ಕೊಂದು ಕಡಿವಾಣ ಹಾಕುತ್ತದೆ. ಹೆಚ್ಚು ಪ್ರಚಾರದಲ್ಲಿರುವ ಜಾತಿಯಲ್ಲಿ ಕ್ಲಚ್ಚಿನಲ್ಲಿರುವಂಥ ತೆಳುವಾದ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಒಂದು ಗಾಲಿ ಮಿತಿಮೀರಿ ಓಡತೊಡಗಿದರೆ ಬಿಲ್ಲೆಗಳ ತಿಕ್ಕಾಟ ಅದನ್ನು ತಡೆಹಿಡಿದು, ಒಂದಷ್ಟು ಬಲವನ್ನು ನಿಂತಿರುವ ಗಾಲಿಗೆ ದಾಟಿಸುತ್ತದೆ. ಎರಡನೆಯ ಜಾತಿಯಲ್ಲಿ ಬಿಲ್ಲೆಗಳ ತಿಕ್ಕಾಟದ ಬದಲು ಗಟ್ಟಿದ್ರವ ಈ ಕೆಲಸ ಮಾಡುತ್ತದೆ. ಮೂರನೆಯದರಲ್ಲಿ ಓರೆಹಲ್ಲಿನ ಗಾಲಿಗಳೇ ಈ ಕೆಲಸ ಮಾಡುತ್ತವೆ. ಟಾರ್ಸೆನ್ ಎಂಬ ಹೆಸರಿನದು ಈ ಕುಲಕ್ಕೆ ಸೇರಿದ್ದು. ಜರ್ಮನಿಯಲ್ಲಿ 1935ರಲ್ಲಿ ಫರ್ಡಿನಂಡ್ ಪೋರ್ಶೆ ತಾನು ರೂಪಿಸಿದ ಆಟೋ ಯೂನಿಯನ್ ಪಂದ್ಯದ ಕಾರಿನ ಒಂದು ಹಿಂದಿನ ಗಾಲಿ ಸದಾ ಜಾರುತ್ತಿದ್ದುದನ್ನು ತಡೆಯಲು ಝಡ್‌ಎಫ್ ಕಂಪೆನಿಯಿಂದ ಇಂಥದೊಂದನ್ನು ಮಾಡಿಸಿದ. ಜನಸಾಮಾನ್ಯರ ಕಾರಿಗೆ ಇದು ಇಳಿದದ್ದು ಅಮೆರಿಕದಲ್ಲಿ, 1956ರಲ್ಲಿ, ಪ್ಯಾಕಾರ್ಡ್ ಕಾರುಗಳ ಮೂಲಕ.

ಈ ಇಸವಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಪ್ರಯೋಜನಕರ. ಅಹಮದಾಬಾದಿನ ಹೊರವಲಯದ ಕಠವಾಡಾದಲ್ಲಿ ಪ್ರಾಣಲಾಲ್ ಭೋಗಿಲಾಲರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವನ್ನು ಬಹುಮಂದಿ ವಾಚಕರು ಮಕ್ಕಳೊಡನೆ ನೋಡಿರಬಹುದು. 2023ರ ಜನವರಿಯಲ್ಲಿ ವಡೋದರೆಯ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ದೇಶದ ಹಳೆಯ ಕಾರುಗಳೆಲ್ಲ ಮದುವೆಯ ದಿಬ್ಬಣದಂತೆ ಸಾಲುಗಟ್ಟಿ ನಿಂತದ್ದೂ ನೆನಪಿರಬಹುದು. ಆ ವೈಭವದಲ್ಲಿ 1956ಕ್ಕಿಂತ ಹಿಂದಿನ ರಸ್ತೆಯ ಕಾರಿಗೆ ಕಾರ್ಖಾನೆಯಿಂದಲೇ ಎಲ್‌ಎಸ್‌ಡಿ ಬಂದಿತ್ತೆಂದು ಯಾರಾದರೂ ಹೇಳಿದರೆ, ನಗುತ್ತಲೇ ಆಧಾರ ಕೇಳಬೇಕು.

ನಮ್ಮಂಥವರ ಕೈಗೆ ಎಟಕುವ ಹಳೆಯ ಕಾರುಗಳ ಮಾತೇನು? ಹಿಂದುಸ್ತಾನ್ ಮೋಟಾರ್ಸ್ ಕಂಪೆನಿ 1942ರಲ್ಲಿ ಹುಟ್ಟಿದ್ದು ಇದೇ ಗುಜರಾತಿನ ಓಖಾ ಬಂದರಿನಲ್ಲಿ. ಆಮೇಲೆ ಅದು ಬಂಗಾಳದ ಉತ್ತರಪಾಡಕ್ಕೆ ಹೋಯಿತು. ಅದರ ಅಂಬಾಸಡರ್ 2014ರವರೆಗೂ ತಯಾರಾಗುತ್ತಿತ್ತು. ಅದರಲ್ಲಿದ್ದುದು ಸಾದಾ ಡಿಫರೆನ್ಷಿಯಲ್. ನಮ್ಮ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ದೇಶಕ್ಕೊಂದು ಮೋಟಾರು ಕಾರ್ಖಾನೆ ಬೇಕೆಂದು ಯೋಜನೆ ಹಾಕಿ, ವಾಲಚಂದ ಹೀರಾಚಂದರೊಡನೆ ಅದಕ್ಕಾಗಿ ಬಹಳ ಓಡಾಡಿದರು. ವಾಲಚಂದರ ಪ್ರೀಮಿಯರ್ ಕಂಪೆನಿ ಮುಂದೆ ಮುಂಬಯಿಯಲ್ಲಿ ತಯಾರಿಸಿದ ಪದ್ಮಿನಿಯಲ್ಲಿಯೂ ಸಾದಾ ಡಿಫರೆನ್ಷಿಯಲ್ಲೇ. ಮುಂದಿನ ಗಾಲಿಗಳು ಎಳೆಯುವ ಮಾರುತಿ 800ರಲ್ಲಿಯೂ ಅದೇ. ಈ ಕಾರುಗಳಿಗೆ ಎಲ್‌ಎಸ್‌ಡಿಯ ಹೆಸರಿನಲ್ಲಿ ಹೆಚ್ಚು ಬೆಲೆ ಕೇಳಿದರೆ, ಯಾರು, ಯಾವಾಗ, ಎಲ್ಲಿ ಹಾಕಿಸಿದರು ಎಂಬುದಕ್ಕೆ ರಸೀದಿ ತೋರಿಸಬೇಕಾದದ್ದು ಮಾರುವವರ ಕರ್ತವ್ಯ.

ಈಚಿನ ದೊಡ್ಡ ಗಾಡಿಗಳ ಕಥೆ ಬೇರೆ. 2012ರಲ್ಲಿ ಬಂದ ಟಾಟಾ ಸಫಾರಿ ಸ್ಟಾರ್ಮ್ ಗಾಡಿಯ ಕೆಲವು ಮಾದರಿಗಳಲ್ಲಿ ಎಲ್‌ಎಸ್‌ಡಿ ಇತ್ತು, ಕೆಲವುಗಳಲ್ಲಿ ಇರಲಿಲ್ಲ. ಮಹೀಂದ್ರಾ ಥಾರಿಗೆ 2015ರಲ್ಲಿ ಈಟನ್ ಕಂಪೆನಿಯ ತಾನಾಗಿಯೇ ಬಿಗಿದುಕೊಳ್ಳುವ ಡಿಫರೆನ್ಷಿಯಲ್ ಬಂತು. ಅಂದರೆ ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಗಾಡಿಗಳು ಪಕ್ಕಪಕ್ಕದಲ್ಲಿ ನಿಂತಿದ್ದರೂ ಹಿಂದಿನ ಆಕ್ಸಲಿನೊಳಗೆ ಇರುವುದು ಬೇರೆ ಬೇರೆಯಾಗಿರಬಹುದು. ಮೋಸಕ್ಕೂ ತಪ್ಪು ತಿಳಿವಳಿಕೆಗೂ ಅವಕಾಶ ಹುಟ್ಟುವುದು ಇಲ್ಲಿಯೇ.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ಕಛೇರಿಯಲ್ಲಿ ಮಾಡುವಂತೆ ಮೊದಲು ದಾಖಲೆ, ಆಮೇಲೆ ವಸ್ತು, ಕೊನೆಗೆ ಸ್ಥಳತನಿಖೆ.

ದಾಖಲೆಯ ಮಟ್ಟಿಗೆ ಒಂದು ಮಾತು. ಆರ್‌ಸಿ ಪುಸ್ತಕದಲ್ಲಿ ಇಂಜಿನಿನ ನಂಬರು, ಚಾಸಿಯ ನಂಬರು, ಬಣ್ಣ, ಕೂರುವವರ ಸಂಖ್ಯೆ ಎಲ್ಲ ಇರುತ್ತವೆ. ಡಿಫರೆನ್ಷಿಯಲ್ಲಿಗೆ ಅಲ್ಲಿ ಕಲಮೇ ಇಲ್ಲ. ಆದ್ದರಿಂದ "ಬೇಕಾದರೆ ಆರ್‌ಸಿ ನೋಡಿಕೊಳ್ಳಿ" ಎಂಬ ಮಾತಿಗೆ ಅರ್ಥವಿಲ್ಲ. ನೋಡಬೇಕಾದದ್ದು ಆ ವರ್ಷದ, ಆ ಮಾದರಿಯ ಮಾಲಿಕರ ಕೈಪಿಡಿಯನ್ನು. ಅದರಲ್ಲಿ ಎಣ್ಣೆಗಳ ಪಟ್ಟಿಯಿರುವ ಪುಟವನ್ನು ಮುಖ್ಯವಾಗಿ ಓದಬೇಕು. ಬಿಲ್ಲೆಗಳ ಎಲ್‌ಎಸ್‌ಡಿಗೆ ಬೇರೆಯ ಎಣ್ಣೆ, ಇಲ್ಲವೆ ಎಣ್ಣೆಗೆ ಬೆರೆಸುವ ಬೇರೊಂದು ದ್ರವ ಬೇಕಾಗುವುದರಿಂದ ಅದರ ಸೂಚನೆ ಅಲ್ಲಿ ಇದ್ದೇ ಇರುತ್ತದೆ. ಕೈಪಿಡಿ ಕಳೆದುಹೋಗಿದ್ದರೆ ಚಾಸಿಯ ನಂಬರು ಕೊಟ್ಟು ಕಂಪೆನಿಯ ಸರ್ವಿಸಿನವರನ್ನು ವಿಚಾರಿಸಬಹುದು.

ಇನ್ನು ವಸ್ತು. ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಆಕ್ಸಲಿನ ನಡುವೆ ಕುಂಬಳಕಾಯಿಯಂಥ ಒಂದು ಉಬ್ಬು ಕಾಣುತ್ತದೆ. ಡಿಫರೆನ್ಷಿಯಲ್ಲಿನ ಮನೆ ಅದೇ. ಕೆಲವು ಗಾಡಿಗಳಲ್ಲಿ ಅದರ ಬೋಲ್ಟಿಗೆ ಸಿಕ್ಕಿಸಿದ ಸಣ್ಣ ತಗಡಿನ ಮೇಲೋ, ಎಣ್ಣೆ ಹಾಕುವ ಬಿರಡೆಯ ಬಳಿಯೋ ಎಲ್‌ಎಸ್‌ಡಿ ಎಣ್ಣೆಯನ್ನೇ ಹಾಕಬೇಕೆಂಬ ಬರಹವಿರುತ್ತದೆ. ಬಟ್ಟೆಯಿಂದ ಮಣ್ಣೊರಸಿ ಓದಬೇಕು. ಆದರೆ ಆಕ್ಸಲನ್ನೇ ಬೇರೆ ಗಾಡಿಯಿಂದ ಕಿತ್ತು ತಂದು ಹಾಕಿರುವುದೂ ಉಂಟು; ತಗಡು ಹಾಗೆಯೇ ಉಳಿದು ಒಳಗಿನದು ಬದಲಾಗಿರುವುದೂ ಉಂಟು. ಆದ್ದರಿಂದ ತಗಡೊಂದೇ ಸಾಕ್ಷಿಯಾಗಲಾರದು.

ಮೂರನೆಯದು ಸ್ಥಳತನಿಖೆ. ಇದನ್ನು ಹೇಳುವ ಮೊದಲು ವಾಚಕರಲ್ಲಿ ನಮ್ಮದೊಂದು ಕಟ್ಟುನಿಟ್ಟಿನ ವಿನಂತಿ. ಜಾಕಿನ ಮೇಲೆ ನಿಂತ ಗಾಡಿ ಕೋಲಿನ ಮೇಲೆ ನಿಲ್ಲಿಸಿದ ಕೊಡದಂತೆ. ಅದರ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಬಾರದು. ಈ ಪರೀಕ್ಷೆಗೆ ಹಿಂದಿನ ಎರಡು ಗಾಲಿಗಳನ್ನೂ ನೆಲದಿಂದ ಎತ್ತಬೇಕು, ಕೈಬ್ರೇಕನ್ನೂ ಬಿಡಬೇಕು. ಆಗ ಗಾಡಿಯನ್ನು ಹಿಡಿದು ನಿಲ್ಲಿಸುವುದಕ್ಕೆ ಬೇರೇನೂ ಉಳಿಯುವುದಿಲ್ಲ. ಮುಂದಿನ ಗಾಲಿಗಳಿಗೆ ಎರಡೂ ಕಡೆ ಕೊಟ್ಟ ಮರದ ತುಂಡುಗಳೇ ಗತಿ. ಆದ್ದರಿಂದ ಸಮತಟ್ಟಾದ ಸಿಮೆಂಟು ನೆಲ ಬೇಕು, ಮುಂದಿನ ಗಾಲಿಗಳಿಗೆ ಭದ್ರವಾದ ಅಡ್ಡಗಟ್ಟೆ ಬೇಕು, ಆಕ್ಸಲಿನ ಕೆಳಗೆ ಜಾಕಲ್ಲದೆ ಕಬ್ಬಿಣದ ಸ್ಟ್ಯಾಂಡುಗಳು ಬೇಕು. ಇವೆಲ್ಲ ಇರುವುದು ಗ್ಯಾರೇಜಿನಲ್ಲಿ. ನಮ್ಮ ಸೊಸೈಟಿಗಳ ಇಳಿಜಾರು ಪಾರ್ಕಿಂಗಿನಲ್ಲಲ್ಲ. ಪರೀಕ್ಷೆಯನ್ನು ಮೆಕ್ಯಾನಿಕ್ ಮಾಡಲಿ, ನಾವು ಪಕ್ಕದಲ್ಲಿ ನಿಂತು ನೋಡೋಣ. ಮಕ್ಕಳು ದೂರವಿರಲಿ. ಇಂಜಿನಿನ ಕೀಲಿಕೈ ಮೆಕ್ಯಾನಿಕ್ಕಿನ ಜೇಬಿನಲ್ಲಿರಲಿ.

ಕೀಲಿಕೈಯ ಮಾತನ್ನು ಏಕೆ ಹೇಳಿದೆವೆಂದರೆ, ಒಂದೇ ಗಾಲಿಯನ್ನು ಎತ್ತಿ, ಇಂಜಿನು ಹಚ್ಚಿ, ಗೇರು ಹಾಕಿ ನೋಡುವ ದುಡುಕಿನವರೂ ಇದ್ದಾರೆ. ಸಾದಾ ಡಿಫರೆನ್ಷಿಯಲ್ ಇದ್ದರೆ ಎತ್ತಿದ ಗಾಲಿ ಗಾಳಿಯಲ್ಲಿ ತಿರುಗುತ್ತದೆ. ಎಲ್‌ಎಸ್‌ಡಿ ಇದ್ದರೋ, ನೆಲದ ಮೇಲಿರುವ ಗಾಲಿಗೂ ಬಲ ಹೋಗಿ ಗಾಡಿ ಜಾಕಿನಿಂದ ಜಿಗಿದು ಮುಂದೆ ಓಡುತ್ತದೆ. ಪರೀಕ್ಷೆಯ ಫಲಿತಾಂಶವೇನೋ ಆಗ ಸ್ಪಷ್ಟವೇ, ಆದರೆ ಅದನ್ನು ತಿಳಿದುಕೊಳ್ಳಲು ಮುಂದೆ ನಿಂತವನು ಉಳಿದಿರಬೇಕಷ್ಟೆ. ಹೀಗೆ ಎಂದೆಂದಿಗೂ ಮಾಡಬಾರದು.

ಸರಿಯಾದ ಕ್ರಮ ಹೀಗೆ. ಎರಡೂ ಗಾಲಿಗಳು ನೆಲ ಬಿಟ್ಟಿವೆ, ಗೇರು ನ್ಯೂಟ್ರಲಿನಲ್ಲಿದೆ, ಇಂಜಿನು ನಿಂತಿದೆ. ನಾಲ್ಕು ಗಾಲಿಗಳೂ ಎಳೆಯುವ ಗಾಡಿಯಾದರೆ ಅದನ್ನು ಎರಡು ಗಾಲಿಯ ಓಟಕ್ಕೆ ಬದಲಾಯಿಸಿಕೊಂಡಾಗಿದೆ. ಈಗ ಒಂದು ಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸಬೇಕು. ಇನ್ನೊಬ್ಬರು ಆ ಬದಿಯಲ್ಲಿ ನಿಂತು ಎರಡನೆಯ ಗಾಲಿಯನ್ನು ನೋಡುತ್ತಿರಬೇಕು. ಅದು ಹಿಮ್ಮುಖವಾಗಿ ತಿರುಗಿದರೆ ಅಥವಾ ಅಲ್ಲಾಡದೆ ನಿಂತರೆ, ಸಾದಾ ಡಿಫರೆನ್ಷಿಯಲ್ಲಿನ ಲಕ್ಷಣ. ಅದೂ ಜೊತೆಯಲ್ಲಿ ಮುಂದಕ್ಕೇ ತಿರುಗಿದರೆ, ಒಳಗೆ ಎರಡನ್ನೂ ಕೂಡಿಸಿ ಹಿಡಿಯುವ ಏನೋ ಒಂದು ಇದೆ ಎಂದರ್ಥ. ಆಮೇಲೆ ಗೇರು ಹಾಕಿ ಮತ್ತೊಮ್ಮೆ ಕೈಯಿಂದಲೇ ತಿರುಗಿಸಿ ನೋಡಬೇಕು. ಸಾದಾ ಆಗಿದ್ದರೆ ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಸಲೀಸಾಗಿ ತಿರುಗುತ್ತವೆ. ಬಿಲ್ಲೆಗಳು ಚೆನ್ನಾಗಿರುವ ಎಲ್‌ಎಸ್‌ಡಿಯಾಗಿದ್ದರೆ ಕೈಯಿಂದ ತಿರುಗಿಸುವುದೇ ಕಷ್ಟ.

ಎರಡೂ ಒಂದೇ ದಿಕ್ಕಿಗೆ ತಿರುಗಿದ ಮಾತ್ರಕ್ಕೆ ಸಂಭ್ರಮಿಸಬೇಕಾಗಿಲ್ಲ. ಕಾಡುಮೇಡಿನ ಓಟದ ಹುಚ್ಚಿನವರು ಕೆಲವರು ಒಳಗಿನ ಹಲ್ಲುಗಾಲಿಗಳನ್ನು ವೆಲ್ಡಿಂಗ್ ಮಾಡಿಸಿ ಒಂದಾಗಿಸಿಬಿಡುತ್ತಾರೆ. ಅಂಥ ಗಾಡಿ ಸಂಸಾರಿಗರಿಗಲ್ಲ. ಪ್ರತಿ ತಿರುವಿನಲ್ಲೂ ಟೈರು ಕಿರುಚುತ್ತದೆ, ಆಕ್ಸಲಿನ ಸರಳಿಗೂ ಅಪಾಯ. ಇದನ್ನು ಬೇರ್ಪಡಿಸಲು ಮೆಕ್ಯಾನಿಕ್ ಇನ್ನೊಂದು ಪರೀಕ್ಷೆ ಮಾಡುತ್ತಾನೆ. ಒಂದು ಗಾಲಿಯನ್ನು ನೆಲಕ್ಕಿಳಿಸಿ, ಗೇರು ನ್ಯೂಟ್ರಲಿನಲ್ಲಿಟ್ಟು, ಎತ್ತಿದ ಗಾಲಿಯ ನಡುವಿಗೆ ಬಲವನ್ನು ಅಳೆಯುವ ಟಾರ್ಕ್ ರೆಂಚು ಹಾಕಿ ತಿರುಗಿಸುತ್ತಾನೆ. ಸಾದಾ ಆದರೆ ಹೆಚ್ಚು ತಡೆಯಿಲ್ಲದೆ ತಿರುಗುತ್ತದೆ. ವೆಲ್ಡಿಂಗ್ ಆಗಿದ್ದರೆ ತಿರುಗುವುದೇ ಇಲ್ಲ. ಎಲ್‌ಎಸ್‌ಡಿಯಾದರೆ ಬಿಗಿಯಾಗಿ, ಸಮನಾಗಿ ತಿರುಗುತ್ತದೆ. ಎಷ್ಟು ಬಲಕ್ಕೆ ತಿರುಗಬೇಕೆಂಬ ಲೆಕ್ಕ ತಯಾರಕರ ರಿಪೇರಿ ಪುಸ್ತಕದಲ್ಲಿರುತ್ತದೆ. ಅದಕ್ಕಿಂತ ಕಡಿಮೆಯಾದರೆ ಬಿಲ್ಲೆ ಸವೆದಿದೆ ಎಂದರ್ಥ.

ಇಲ್ಲಿಯೇ ನಾವು ಹೇಳಬೇಕಾದ ಮುಖ್ಯ ಮಾತು ಬಂತು. ಈ ಪರೀಕ್ಷೆ "ಹೌದು" ಎಂದರೆ ಬಹುಮಟ್ಟಿಗೆ ನಂಬಬಹುದು. "ಅಲ್ಲ" ಎಂದರೆ ಮಾತ್ರ ಮತ್ತೆ ವಿಚಾರಿಸಬೇಕು. ಏಕೆಂದರೆ "ಅಲ್ಲ" ಎಂಬುದಕ್ಕೆ ಮೂರು ಕಾರಣಗಳಿರಬಹುದು. ಒಂದು, ಅದು ನಿಜವಾಗಿಯೂ ಸಾದಾ. ಎರಡು, ಅದು ಎಲ್‌ಎಸ್‌ಡಿಯೇ, ಆದರೆ ಬಿಲ್ಲೆಗಳು ಸವೆದು ಹೆಸರಿಗೆ ಮಾತ್ರ ಉಳಿದಿದೆ. ಮೂರು, ಅದು ಕೈಯ ಸಣ್ಣ ಬಲಕ್ಕೆ ಮಣಿಯದ ಜಾತಿಯದು. ಓರೆಹಲ್ಲಿನ ಜಾತಿ ಭಾರವಿಲ್ಲದಾಗ ಸಾದಾ ಡಿಫರೆನ್ಷಿಯಲ್ಲಿನಂತೆಯೇ ನಡೆದುಕೊಳ್ಳಬಹುದು; ಗಟ್ಟಿದ್ರವದ ಜಾತಿ ಮೆಲ್ಲನೆ ತಿರುಗಿಸಿದರೆ ಮೆಲ್ಲನೆ ಬಿಟ್ಟುಕೊಡುತ್ತದೆ. ಥಾರಿನಲ್ಲಿರುವ ಈಟನ್ ಯಂತ್ರವಂತೂ ಎರಡು ಗಾಲಿಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಮೇಲೆಯೇ ಬಿಗಿದುಕೊಳ್ಳುವುದು. ಕೈಯಿಂದ ಮೆಲ್ಲನೆ ತಿರುಗಿಸಿದರೆ ಅದು ಬಿಗಿದುಕೊಳ್ಳುವುದಿಲ್ಲ. ಕೈಪರೀಕ್ಷೆಯೊಂದನ್ನೇ ನಂಬಿ ಮಾರುವವರನ್ನು ಸುಳ್ಳುಗಾರರೆಂದರೆ ಅನ್ಯಾಯ. ತಗಡೊಂದನ್ನೇ ನಂಬಿ ದುಡ್ಡು ಎಣಿಸಿದರೆ ನಮಗೆ ಅನ್ಯಾಯ. ದಾಖಲೆ, ವಸ್ತು, ಪರೀಕ್ಷೆ ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ಷರಾ ಬರೆಯಬೇಕು.

ಇದು ಬರಿಯ ಶಾಸ್ತ್ರದ ಮಾತಲ್ಲವೆಂಬುದಕ್ಕೆ ಸೂರತ್ತಿನ ನಮ್ಮ ಸ್ನೇಹಿತರೊಬ್ಬರ ಪ್ರಸಂಗವನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತೇವೆ. ಅವರು ನವಲಗುಂದದ ಕಡೆಯವರು. ಊರಿನಲ್ಲಿ ವಯಸ್ಸಾದ ತಾಯಿ ಇದ್ದಾರೆ. ಹಳ್ಳಿಯಿಂದ ಡಾಂಬರು ರಸ್ತೆಗೆ ಬರಲು ಎರೆಹೊಲಗಳ ನಡುವಿನ ದಾರಿಯೇ ಗತಿ. ಒಂದು ಮಳೆ ಬಿತ್ತೆಂದರೆ ಎರೆಮಣ್ಣಿನ ಪ್ರತಾಪ ಏನೆಂದು ಆ ಕಡೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಕಾಲಿಗೆ ಹಾಕಿದ ಚಪ್ಪಲಿ ಮಣ್ಣಿನಲ್ಲಿ ಉಳಿದು, ಕಾಲು ಮಾತ್ರ ಮೇಲೆ ಬರುತ್ತದೆ. ತಾಯಿಗೆ ಎದೆನೋವು ಕಾಣಿಸಿಕೊಂಡಂದಿನಿಂದ ಸ್ನೇಹಿತರಿಗೆ ಒಂದೇ ಚಿಂತೆ: ಮಳೆಗಾಲದ ರಾತ್ರಿ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯಬೇಕಾದರೆ ಏನು ಗತಿ? ಊರಿನಲ್ಲಿ ತಮ್ಮನ ಕೈಗೆ ಕೊಡಲು ಭವಿಷ್ಯನಿಧಿಯ ಹಣ ತೆಗೆದು ಒಂದು ಹಳೆಯ ದೊಡ್ಡ ಗಾಡಿಯನ್ನು ನೋಡಿದರು. ಹನ್ನೊಂದು ವರ್ಷದ ಗಾಡಿ. ಎಲ್‌ಎಸ್‌ಡಿ ಇದೆಯೆಂದು ಮಾರುವವರು 40,000 ರೂಪಾಯಿ ಹೆಚ್ಚಿಗೆ ಹೇಳಿದರು.

"ಏನ್ರೀ, ನೀವು ಕಾಗದಪತ್ರ ನೋಡೋ ಮಂದಿ. ಕೊಡೋ ರೊಕ್ಕಕ್ಕ ತಕ್ಕ ಮಾಲು ಹೌದೋ ಅಲ್ಲೋ, ಒಂದೀಟು ಬಂದು ನೋಡ್ರಿ" ಎಂದು ಕರೆ ಬಂತು. ನಾವು ಭಾನುವಾರ ಬೆಳಗಿನ ರೈಲಿಗೆ ಸೂರತ್ತಿಗೆ ಹೋದೆವು.

ಆಕ್ಸಲಿನ ಮೇಲೆ ತಗಡು ಇತ್ತು. ಕೈಪಿಡಿಯೂ ಇತ್ತು, ಆ ಮಾದರಿಗೆ ಎಲ್‌ಎಸ್‌ಡಿ ಉಂಟೆಂದು ಅದರಲ್ಲಿ ಅಚ್ಚಾಗಿತ್ತು. ಸ್ನೇಹಿತರ ಮುಖ ಅರಳಿತು. ವರಾಛಾ ರಸ್ತೆಯ ಕಡೆಯ ಒಬ್ಬ ಮುದುಕ ಮೆಕ್ಯಾನಿಕ್ ಗಾಡಿಯನ್ನು ಸ್ಟ್ಯಾಂಡಿನ ಮೇಲೇರಿಸಿ ಎಡಗಾಲಿಯನ್ನು ಮುಂದಕ್ಕೆ ತಿರುಗಿಸಿದ. ಬಲಗಾಲಿ ಮೆಲ್ಲನೆ, ಸಂಕೋಚವಿಲ್ಲದೆ, ಹಿಂದಕ್ಕೆ ತಿರುಗಿತು. ಅವನು ಮಾತಾಡದೆ ಒಂದು ಗಾಲಿಯನ್ನು ಇಳಿಸಿ ಟಾರ್ಕ್ ರೆಂಚು ಹಾಕಿ ನೋಡಿದ. ಮುಳ್ಳು ಏಳಲೇ ಇಲ್ಲ. "ಸಾಹೇಬ, ಹೆಸರು ಇದೆ, ಆಳು ಇಲ್ಲ" ಎಂದ. ಬಿಲ್ಲೆಗಳು ಪೂರಾ ಸವೆದಿದ್ದುವು. ಎಣ್ಣೆ ಬದಲಾಯಿಸುವಾಗ ಯಾರೋ ಸಾದಾ ಎಣ್ಣೆಯನ್ನೇ ಸುರಿಯುತ್ತ ಬಂದಿರಬೇಕೆಂದು ಅವನ ಅಭಿಪ್ರಾಯ. ಮಾರುವವರೂ ಕೆಟ್ಟವರೇನಲ್ಲ, ಅವರಿಗೂ ಇದು ತಿಳಿದಿರಲಿಲ್ಲ. ಬಹಳ ಹೊತ್ತು ಮಾತಾದಮೇಲೆ ಆ 40,000ವನ್ನು ಬಿಟ್ಟುಕೊಟ್ಟರು. ಆ ಹಣದಲ್ಲಿ ಒಂದು ಭಾಗದಿಂದಲೇ ಹೊಸ ಬಿಲ್ಲೆ, ಸರಿಯಾದ ಎಣ್ಣೆ ಬಿದ್ದುವು.

ಆ ದಿನ ತಗಡು ಓದಿ ದುಡ್ಡು ಕೊಟ್ಟಿದ್ದರೆ ಏನಾಗುತ್ತಿತ್ತು? 40,000 ರೂಪಾಯಿ ಹೋಗುತ್ತಿತ್ತು; ಅದು ದೊಡ್ಡದಲ್ಲ. ಒಂದು ಮಳೆಯ ರಾತ್ರಿ ತಾಯಿಯನ್ನು ಹಿಂದೆ ಮಲಗಿಸಿಕೊಂಡು, ಇದೆ ಎಂಬ ನಂಬಿಕೆಯಿಂದ ತಮ್ಮ ಆ ಎರೆಯ ದಾರಿಗೆ ಗಾಡಿ ಇಳಿಸುತ್ತಿದ್ದ. ಇಲ್ಲವೆಂದು ತಿಳಿದವನು ಬೇರೆ ದಾರಿ ಹುಡುಕುತ್ತಾನೆ, ನೆರೆಯವರ ಟ್ರಾಕ್ಟರು ಕೇಳುತ್ತಾನೆ. ಇದೆಯೆಂದು ತಪ್ಪಾಗಿ ನಂಬಿದವನಿಗೆ ಮಾತ್ರ ನಡುದಾರಿಯಲ್ಲಿ ಯಾರೂ ಇರುವುದಿಲ್ಲ.

ವಡೋದರೆಯ ವಾಚಕರಿಗೆ ಇನ್ನೊಂದು ಎಚ್ಚರಿಕೆ ಹೇಳಬೇಕು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿ ನಗರವನ್ನು ನುಂಗಿದಾಗ ಅಸಂಖ್ಯ ಕಾರುಗಳು ನೀರಿನಲ್ಲಿ ನಿಂತಿದ್ದುವು. ಸೀಟು ತೊಳೆದು ಅತ್ತರು ಸಿಂಪಡಿಸಿದರೆ ಹೊರಗೆ ಗುರುತು ಉಳಿಯುವುದಿಲ್ಲ. ಆದರೆ ಆಕ್ಸಲಿನ ಮೇಲೆ ಗಾಳಿ ಆಡಲೆಂದು ಒಂದು ಸಣ್ಣ ತೂತು ಇರುತ್ತದೆ. ಓಡಿ ಬಿಸಿಯಾದ ಆಕ್ಸಲು ಒಮ್ಮೆಗೇ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ತೂತಿನಿಂದಲೂ ಹಳೆಯ ಸೀಲುಗಳ ಸಂದಿನಿಂದಲೂ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರು ಸೇರಿದ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಎಲ್‌ಎಸ್‌ಡಿ ಇರಲಿ ಬಿಡಲಿ, ಹಳೆಯ ಗಾಡಿ ಕೊಳ್ಳುವವರು ಡಿಫರೆನ್ಷಿಯಲ್ಲಿನ ಬಿರಡೆ ಬಿಚ್ಚಿಸಿ ಬೆರಳಿನಷ್ಟು ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಹಾಕಿಸಿ ನೋಡುವುದು ಮೇಲು. ಕಾಫಿಯ ಬಣ್ಣ ಕಂಡರೆ ಕಾಫಿ ಕುಡಿಸಿ ಮಾರುವವರಿಗೆ ನಮಸ್ಕಾರ ಹೇಳಿಬಿಡಿ. ಎಣ್ಣೆ ಬಸಿದಾಗ ಬಿರಡೆಯ ಆಯಸ್ಕಾಂತಕ್ಕೆ ನಯವಾದ ಬೂದಿಯಂಥ ಪುಡಿ ಅಂಟಿದ್ದರೆ ಅದು ಸಹಜ. ಕಬ್ಬಿಣದ ಚೂರುಗಳು ಅಂಟಿದ್ದರೆ ಹಲ್ಲು ಮುರಿದಿದೆ ಎಂದರ್ಥ.

ಎಲ್‌ಎಸ್‌ಡಿ ಇರುವ ಗಾಡಿ ಈಗಾಗಲೇ ಮನೆಯಲ್ಲಿದೆ ಎನ್ನುವವರಿಗೂ ಎರಡು ಮಾತು. ಮೊದಲನೆಯದು, ಒಂದೇ ಆಕ್ಸಲಿನ ಎರಡು ಟೈರುಗಳೂ ಒಂದೇ ಅಳತೆಯವು, ಒಂದೇ ಸಮನಾಗಿ ಸವೆದವು ಆಗಿರಬೇಕು. ಒಂದು ಹೊಸತು, ಒಂದು ಬೋಳು ಆದರೆ ನೇರ ರಸ್ತೆಯಲ್ಲೂ ಬಿಲ್ಲೆಗಳು ತಿಕ್ಕಾಡುತ್ತಲೇ ಇರುತ್ತವೆ. ಸಂಸಾರದಲ್ಲಿ ಮಿತವ್ಯಯ ಒಳ್ಳೆಯದು, ಆದರೆ ಇಲ್ಲಿ ಒಂದು ಟೈರಿನ ಉಳಿತಾಯ ಬಿಲ್ಲೆಗಳ ತಲೆಯ ಮೇಲೆ ಬೀಳುತ್ತದೆ. ಎರಡನೆಯದು, ಮೆಲ್ಲನೆ ಪೂರಾ ತಿರುಗಿಸುವಾಗ ಹಿಂದಿನಿಂದ ಕಟಕಟ ಸದ್ದು ಬಂದರೆ ಎಣ್ಣೆ ಹಳತಾಗಿರಬಹುದು, ತಪ್ಪು ಜಾತಿಯದಾಗಿರಬಹುದು. ಬೇಗ ತೋರಿಸಿದರೆ ಎಣ್ಣೆಯ ಖರ್ಚಿನಲ್ಲಿ ಮುಗಿಯುತ್ತದೆ.

ಕೊನೆಯದಾಗಿ, ಇದರಿಂದ ಆಗದ ಕೆಲಸಗಳನ್ನೂ ತಿಳಿದಿರಬೇಕು. ಎಲ್‌ಎಸ್‌ಡಿ ಬ್ರೇಕಲ್ಲ, ಗಾಡಿಯನ್ನು ಬೇಗ ನಿಲ್ಲಿಸಲಾರದು. ಎರಡು ಗಾಲಿಗಳಲ್ಲಿ ಒಂದಕ್ಕಾದರೂ ನೆಲದ ಹಿಡಿತವಿದ್ದರೆ ಮಾತ್ರ ಅದಕ್ಕೆ ಬೆಲೆ. ಎರಡೂ ಕೆಸರಿನಲ್ಲಿ ಹೂತರೆ ಎರಡೂ ಒಟ್ಟಿಗೆ ತಿರುಗಿ ಒಟ್ಟಿಗೆ ಹೂಳುತ್ತವೆ. ಒದ್ದೆ ರಸ್ತೆಯ ತಿರುವಿನಲ್ಲಿ ಜೋರಾಗಿ ಒತ್ತಿದರೆ ಹಿಂದಿನ ಎರಡು ಗಾಲಿಗಳೂ ಒಮ್ಮೆಗೇ ಜಾರಿ ಗಾಡಿಯ ಬಾಲ ಪಕ್ಕಕ್ಕೆ ಹೊರಳುವ ಅಪಾಯವೂ ಉಂಟು. ತುಂಬಿ ಹರಿಯುವ ಹಳ್ಳವನ್ನು ದಾಟಿಸುವ ಶಕ್ತಿ ಯಾವ ಡಿಫರೆನ್ಷಿಯಲ್ಲಿಗೂ ಇಲ್ಲ.

ನಮ್ಮ ಸ್ನೇಹಿತರು ಗಾಡಿಯನ್ನು ಊರಿಗೆ ಮುಟ್ಟಿಸಿ, ಇದರ ಗುಣವನ್ನೆಲ್ಲ ತಾಯಿಗೆ ವಿವರಿಸಿದರಂತೆ. ಆ ಹಿರಿಯಾಕೆ ಎಲ್ಲವನ್ನೂ ಕೇಳಿ, "ಗಾಡಿ ಛಲೋ ಐತಿ ಬಿಡೋ. ಆದ್ರ ಮಳಿ ಹಿಡಿಯೋಕಿಂತ ಮೊದಲ ನನ್ನ ಹುಬ್ಬಳ್ಳ್ಯಾಗ ತಂಗಿ ಮನ್ಯಾಗ ಬಿಟ್ಟಬಿಡ್ರಿ" ಎಂದರಂತೆ. ಈಗ ವರ್ಷವರ್ಷವೂ ಹಾಗೆಯೇ ಮಾಡುವುದೆಂದು ಮನೆಯವರೆಲ್ಲ ಒಪ್ಪಿದ್ದಾರೆ. ಗಾಡಿಯಿದ್ದರೂ ಈ ಏರ್ಪಾಡು ಬೇಕೆಂಬುದು ನಮ್ಮ ಅಭಿಪ್ರಾಯವೂ ಹೌದು.

ಮುಂದಿನ ಸಂಚಿಕೆಯಲ್ಲಿ ಮನೆಯ ಇನ್ವರ್ಟರಿನ ಬ್ಯಾಟರಿಯನ್ನು ಕುರಿತು ಬರೆಯುವ ವಿಚಾರವಿದೆ. ಪ್ರಶ್ನೆಗಳಿದ್ದರೆ ಸಂಘದ ವಿಳಾಸಕ್ಕೆ ಬರೆದು ತಿಳಿಸಬೇಕಾಗಿ ವಾಚಕರಲ್ಲಿ ಬಿನ್ನಹ.